ಗಂಡಭೇರುಂಡದ ಹಡಗು ಮತ್ತು ಜಾಲಹಳ್ಳಿಯ ಬಿಡಿಭಾಗ



ಮೂವತ್ತಮೂರು ವರ್ಷ ಇತಿಹಾಸದ ಪಾಠ ಹೇಳಿದ ನಾನು ನಿಮ್ಮೆಲ್ಲರಿಂದ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಯುದ್ಧನೌಕೆಯೊಂದು ಒಳಗಿನಿಂದ ಹೇಗೆ ಬದುಕುತ್ತದೆ ಎಂಬುದನ್ನು ಒಂದು ದಿನವೂ ಹೇಳಿದವನಲ್ಲ. ಹೇಳಲು ನನಗೇ ತಿಳಿದಿರಲಿಲ್ಲ. ತಿಳಿಯುವ ಆಸೆ ಹುಟ್ಟಿದ್ದು ನಿವೃತ್ತಿಯಾಗಿ ಬಹುಕಾಲದ ಮೇಲೆ, ಇಬ್ಬರಿಂದಾಗಿ. ಒಬ್ಬರು ನನ್ನ ಅಣ್ಣ. ಇನ್ನೊಬ್ಬ ಬೆಂಗ್ರೆಯ ಕಡೆಯ ಹಳೆಯ ವಿದ್ಯಾರ್ಥಿ.

2021ರ ಮೇ ತಿಂಗಳು ನಿಮಗೆಲ್ಲ ನೆನಪಿದ್ದೀತು. ಕೊರೋನಾದ ಎರಡನೆಯ ಅಲೆ ನಮ್ಮ ಜಿಲ್ಲೆಯನ್ನು ಹಿಂಡುತ್ತಿದ್ದ ದಿನಗಳವು. ನಗರದ ಆಸ್ಪತ್ರೆಯೊಂದರಲ್ಲಿ ನನ್ನ ಅಣ್ಣನವರು ಆಮ್ಲಜನಕದ ನಳಿಗೆ ಹಚ್ಚಿಕೊಂಡು ಮಲಗಿದ್ದರು. ಒಳಗೆ ಹೋಗಿ ನೋಡುವಂತಿರಲಿಲ್ಲ, ಹೊರಗೆ ನಿಲ್ಲುವಂತೆಯೂ ಇರಲಿಲ್ಲ. ಆ ವಾರವೇ ಪಣಂಬೂರಿನ ನವಮಂಗಳೂರು ಬಂದರಿಗೆ ನೌಕಾಪಡೆಯ ಹಡಗುಗಳು ಒಂದರ ಹಿಂದೊಂದು ಬಂದವು. ಮೊದಲು ಬಂದ ಐಎನ್‌ಎಸ್ ತಲ್ವಾರ್ ಬಹ್ರೇನಿನಿಂದ ತಲಾ 27 ಟನ್ನಿನ ಎರಡು ತೊಟ್ಟಿ ದ್ರವ ಆಮ್ಲಜನಕವನ್ನು ತಂದಿತು. ಅನಂತರ ಐಎನ್‌ಎಸ್ ಕೋಲ್ಕತ, ಐಎನ್‌ಎಸ್ ಕೊಚ್ಚಿ ಮೊದಲಾದವು ಕುವೈತಿನಿಂದ ಬಂದವು. ಆ ಕಾರ್ಯಾಚರಣೆಗೆ ‘ಸಮುದ್ರ ಸೇತು–2’ ಎಂದು ಹೆಸರು. ಅಣ್ಣನವರು ಹದಿನೆಂಟು ದಿನಗಳ ಬಳಿಕ ಮನೆಗೆ ಮರಳಿದರು. ಅವರು ಉಸಿರಾಡಿದ್ದು ಆ ಹಡಗಿನಲ್ಲಿ ಬಂದ ಆಮ್ಲಜನಕವನ್ನೇ ಎಂದು ಹೇಳಲಾರೆ. ಹಾಗೆ ಹೇಳಿಕೊಂಡರೆ ಅದು ಇತಿಹಾಸವಾಗದು, ಹರಕೆಯ ಕಥೆಯಾದೀತು. ಆದರೆ ಆ ದಿನಗಳಲ್ಲಿ ಆ ಹಡಗುಗಳ ಹೆಸರನ್ನು ನಮ್ಮ ಮನೆಯಲ್ಲಿ ದೇವರ ಹೆಸರಿನಂತೆ ಹೇಳಿಕೊಂಡದ್ದು ನಿಜ.

ಆಗಲೇ ಒಂದು ಸಂಜೆ ದೂರವಾಣಿ ಬಂತು. “ಸರ್, ನಿಮ್ಮ ಅಣ್ಣ ಹೇಗಿದ್ದಾರೆ? ಆಕ್ಸಿಜನ್ ತಂದ ಆ ಕೋಲ್ಕತ, ಕೊಚ್ಚಿ ಅಂದರೆ ಏನೆಂದು ಗೊತ್ತುಂಟಾ ನಿಮಗೆ? ಅವು ಸಾಮಾನು ಹೊರುವ ಹಡಗಲ್ಲ. ಗೈಡೆಡ್ ಮಿಸೈಲ್ ಡೆಸ್ಟ್ರಾಯರ್.” ಕರೆ ಮಾಡಿದವನು ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ, ಬರೆಯುವುದಿಲ್ಲ, ಅವನ ತರಗತಿಯವರಿಗೆ ಊಹೆ ಕಷ್ಟವಾಗದು. 1980ರ ದಶಕದ ಆರಂಭದಲ್ಲಿ, ಆಗಸ್ಟ್ 14ರ ಮಧ್ಯಾಹ್ನ, ಶಾಲೆಯ ಧ್ವನಿವರ್ಧಕದ ಪೆಟ್ಟಿಗೆಯನ್ನು ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕುಳಿತಿದ್ದವನು ಇವನೇ. ಮರುದಿನ ಧ್ವಜಾರೋಹಣ. ನಾನು ಏನನ್ನೂ ಕೇಳದೆ ಬೆತ್ತದಿಂದ ನಾಲ್ಕು ಏಟು ಕೊಟ್ಟೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕೂಗಿತು. ಯಾರು ಸರಿಪಡಿಸಿದರು ಎಂದು ನಾನು ವಿಚಾರಿಸಲಿಲ್ಲ. ಪೆಟ್ಟಿಗೆ ಮೊದಲೇ ಕೆಟ್ಟಿತ್ತು, ಹಂಪನಕಟ್ಟೆಯ ರೇಡಿಯೊ ಅಂಗಡಿಯೊಂದರಿಂದ ಹುಡುಗ ತನ್ನ ಸ್ವಂತ ಹದಿನೆಂಟು ರೂಪಾಯಿ ಕೊಟ್ಟು ಒಂದು ವಾಲ್ವ್ ತಂದು ಹಾಕಿದ್ದ ಎಂಬುದು ನನಗೆ ತಿಳಿದದ್ದು ನಲವತ್ತು ವರ್ಷಗಳ ಮೇಲೆ, ಆ ಸಂಜೆಯ ಮಾತಿನ ನಡುವೆ. ದೂರುವ ಧ್ವನಿಯಲ್ಲಿ ಹೇಳಿದ್ದಲ್ಲ. “ಇಎಲ್–84 ವಾಲ್ವ್ ಸರ್. ಮೇಲೆ ಬಿಇಎಲ್ ಅಂತ ಬರೆದಿತ್ತು. ಆಮೇಲೆ ನೇವಿಗೆ ಸೇರಿ ರಾಡಾರಿನ ಎದುರು ಕುಳಿತಾಗಲೂ ಅದೇ ಮೂರಕ್ಷರ ಕಂಡಿತು.”

ಹತ್ತನೆಯ ತರಗತಿಯ ಬಳಿಕ ಅವನು ನೌಕಾಪಡೆಗೆ ಸೇರಿ, ಜಾಮನಗರದ ಐಎನ್‌ಎಸ್ ವಲ್ಸೂರಾದಲ್ಲಿ ವಿದ್ಯುತ್ ವಿಭಾಗದ ತರಬೇತಿ ಪಡೆದು, ಹಡಗುಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ದುರಸ್ತಿ ಮಾಡುವುದರಲ್ಲೇ ಆಯುಷ್ಯ ಸವೆಸಿದವನು. ಈ ಬರಹದ ಅರ್ಧ ಪಾಲು ಅವನು ಹೇಳಿಕೊಟ್ಟ ಪಾಠ. ಗುಟ್ಟಿನ ಮಾತುಗಳನ್ನು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನಮ್ಮ ಊರಿಗೆ ಯುದ್ಧನೌಕೆ ಹೊಸತೇನಲ್ಲ. 1763ರಲ್ಲಿ ಹೈದರಾಲಿಯ ವಶಕ್ಕೆ ಬಂದ ಬಳಿಕ ಮಂಗಳೂರು ಮೈಸೂರು ರಾಜ್ಯದ ನೌಕಾನೆಲೆಯಾಯಿತು. ಇಲ್ಲಿ ಹಡಗು ಕಟ್ಟುವ ಕೆಲಸವೂ ನಡೆಯಿತು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೋಳೂರಿನ ಸುಲ್ತಾನ್ ಬತ್ತೇರಿ, ಶತ್ರುವಿನ ಹಡಗು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯುವ ಬುರುಜು. ಆ ಕಾಲದ ಹಡಗಿಗೆ ಬಿಡಿಭಾಗವೆಂದರೆ ಮರ, ಹಗ್ಗ, ಹಾಯಿಬಟ್ಟೆ, ಕಬ್ಬಿಣದ ಮೊಳೆ. ಹಾಯಿಕಂಬ ಮುರಿದರೆ ಘಟ್ಟದ ಕಾಡಿನಿಂದ ನೆಟ್ಟನೆಯ ಮರವೊಂದನ್ನು ಕಡಿದು ಹೊಳೆಯಲ್ಲಿ ತೇಲಿಬಿಟ್ಟರಾಯಿತು. ಹಗ್ಗಕ್ಕೆ ತೆಂಗಿನ ನಾರು ಮನೆಮನೆಯಲ್ಲೂ ಇತ್ತು. ಹಡಗನ್ನು ಕಟ್ಟಬಲ್ಲ ಊರು ಅದನ್ನು ದುರಸ್ತಿಯನ್ನೂ ಮಾಡಬಲ್ಲದಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಸಾಮರ್ಥ್ಯಗಳು ಒಂದನ್ನೊಂದು ಬಿಟ್ಟು ದೂರ ಸರಿದವು. ಅದು ಹೇಗೆ ಎಂದು ತಿಳಿಯಬೇಕಾದರೆ ಡೆಸ್ಟ್ರಾಯರ್ ಎಂಬ ಹಡಗಿನ ಹುಟ್ಟನ್ನು ಸ್ವಲ್ಪ ನೋಡಬೇಕು.

1890ರ ದಶಕದಲ್ಲಿ ಟಾರ್ಪೆಡೊ ಹೊತ್ತ ಸಣ್ಣ ದೋಣಿಗಳು ದೊಡ್ಡ ಹಡಗುಗಳಿಗೆ ಕಂಟಕವಾದಾಗ, ಅವುಗಳನ್ನು ಬೆನ್ನಟ್ಟಿ ಹೊಡೆಯಲೆಂದು ಬ್ರಿಟಿಷರು ವೇಗದ ಹಡಗುಗಳನ್ನು ಕಟ್ಟಿದರು. ‘ಟಾರ್ಪೆಡೊ ಬೋಟ್ ಡೆಸ್ಟ್ರಾಯರ್’ ಎಂಬ ಆ ಉದ್ದ ಹೆಸರು ಬಾಯಿಂದ ಬಾಯಿಗೆ ಸವೆದು ಕೊನೆಯ ಪದವಷ್ಟೇ ಉಳಿಯಿತು. ನಮ್ಮ ಪತ್ರಿಕೆಗಳು ‘ವಿಧ್ವಂಸಕ ನೌಕೆ’ ಎನ್ನುತ್ತವೆ. 1956ರಲ್ಲಿ ಅಮೆರಿಕದವರು ‘ಗ್ಯಾಟ್’ ಎಂಬ ಹಳೆಯ ಡೆಸ್ಟ್ರಾಯರಿಗೆ ಟೆರಿಯರ್ ಎಂಬ ಕ್ಷಿಪಣಿಗಳನ್ನು ಜೋಡಿಸಿದರು. ಹೊರಟ ಮೇಲೂ ದಾರಿ ತಿದ್ದಿಕೊಳ್ಳುವಂಥ, ಅಂದರೆ ನಿರ್ದೇಶಿತ ಕ್ಷಿಪಣಿ ಹೊತ್ತ ವಿಧ್ವಂಸಕ ನೌಕೆಯ ವಂಶ ಅಲ್ಲಿಂದ ಮೊದಲಾಯಿತು.

ಆದರೆ ಜಗತ್ತು ಬೆಚ್ಚಿದ್ದು 1967ರ ಅಕ್ಟೋಬರ್ 21ರಂದು. ಪೋರ್ಟ್ ಸೈದ್ ಬಳಿ ಈಜಿಪ್ಟಿನ ಪುಟ್ಟ ದೋಣಿಗಳು ಹಾರಿಸಿದ ಸೋವಿಯೆತ್ ಕ್ಷಿಪಣಿಗಳು ಇಸ್ರೇಲಿನ ‘ಐಲಾತ್’ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದವು. ಅದರಲ್ಲಿದ್ದ 47 ಮಂದಿ ಮಡಿದರು. ನಾಲ್ಕು ವರ್ಷಗಳ ಬಳಿಕ, 1971ರ ಡಿಸೆಂಬರ್ 4ರ ರಾತ್ರಿ, ಅದೇ ಬಗೆಯ ಕ್ಷಿಪಣಿಗಳಿಂದ ನಮ್ಮ ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ‘ಖೈಬರ್’ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದವು. (ಆ ಕಾಲದ ಕ್ಷಿಪಣಿ ದೋಣಿ ಎಷ್ಟು ಚಿಕ್ಕದೆಂದು ಕಾಣಬೇಕಿದ್ದರೆ ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ ಅನ್ನು ನೋಡಿ ಬನ್ನಿ. ಮೊಮ್ಮಕ್ಕಳನ್ನೂ ಕರೆದೊಯ್ಯಿರಿ.) ಸಮುದ್ರಕ್ಕೆ ತಾಗಿಕೊಂಡಂತೆ ಹಾರಿಬರುವ ಕ್ಷಿಪಣಿ ದಿಗಂತದ ಮರೆಯಿಂದ ಮೇಲೇಳುವಾಗ ಹಡಗಿಗೆ 25–30 ಕಿಲೊಮೀಟರು ದೂರವಿರುತ್ತದೆ. ಅದರ ವೇಗ ಹೆಚ್ಚುಕಡಿಮೆ ಶಬ್ದದ ವೇಗ. ಲೆಕ್ಕ ಹಾಕಿ: ಹಡಗಿಗೆ ಉಳಿಯುವುದು ಒಂದೂವರೆ ನಿಮಿಷ. ಆ ಅವಧಿಯಲ್ಲಿ ರಾಡಾರು ಅದನ್ನು ಗುರುತಿಸಬೇಕು, ಗಣಕಯಂತ್ರ ಅದರ ದಾರಿ ಎಣಿಸಬೇಕು, ಎದುರು ಕ್ಷಿಪಣಿ ಹೊರಡಬೇಕು. ಈ ಸರಪಳಿಯ ಒಂದು ಕೊಂಡಿ, ಬೆರಳುಗಾತ್ರದ ಒಂದು ಬಿಡಿಭಾಗ, ಆ ಹೊತ್ತಿಗೆ ಕೈಕೊಟ್ಟರೆ ಉಳಿದ ಆರು ಸಾವಿರ ಟನ್ ಉಕ್ಕಿನಿಂದ ಏನೂ ಆಗದು. 1982ರ ಮೇ 4ರಂದು ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ‘ಶೆಫೀಲ್ಡ್’ ಎಂಬ ಕ್ಷಿಪಣಿ ಡೆಸ್ಟ್ರಾಯರ್ ಒಂದೇ ಒಂದು ಎಕ್ಸೊಸೆ ಕ್ಷಿಪಣಿಗೆ ಬಲಿಯಾಯಿತು. 20 ಮಂದಿ ಸತ್ತರು. ಆ ಹೊತ್ತಿನಲ್ಲಿ ಬಳಕೆಯಲ್ಲಿದ್ದ ಉಪಗ್ರಹ ಸಂಪರ್ಕವು ಶತ್ರುವಿನ ರಾಡಾರನ್ನು ಆಲಿಸುವ ಸಾಧನದ ಕಿವಿಯನ್ನು ಮಂಕಾಗಿಸಿತ್ತು. ಎರಡೂ ಸುಸ್ಥಿತಿಯಲ್ಲಿದ್ದ ಯಂತ್ರಗಳೇ.

“ಹಡಗಿನ ಕಾಯಿಲೆ ಮೂರು ಸರ್,” ಎಂದ ನನ್ನ ವಿದ್ಯಾರ್ಥಿ. “ಉಪ್ಪು, ಬಿಸಿ, ನಡುಕ.” ಉಪ್ಪುಗಾಳಿ ತಂತಿ ಕೂಡುವಲ್ಲೆಲ್ಲ ಕಿಲುಬು ಹಿಡಿಸುತ್ತದೆ. ರಾಡಾರಿನ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಮೊದಲಾದ ನಳಿಗೆಗಳು ಕಾದು ಕಾದು, ಇಂತಿಷ್ಟು ಗಂಟೆ ಎಂಬ ಆಯುಷ್ಯ ಮುಗಿಸಿ ಸಾಯುತ್ತವೆ. ಫಿರಂಗಿ ಹೊಡೆದಾಗಲೆಲ್ಲ ಕಾರ್ಡುಗಳು ಅವುಗಳ ಗೂಡಿನಲ್ಲಿ ಅಲುಗುತ್ತವೆ. ಆದುದರಿಂದ ಹಡಗು ಹೊರಡುವಾಗಲೇ ಒಂದು ಗಂಟು ಬಿಡಿಭಾಗವನ್ನು ಒಳಗೇ ಕಟ್ಟಿಕೊಂಡು ಹೊರಡುತ್ತದೆ. ಇನ್ನೊಂದು ಗಂಟು ದಡದ ಉಗ್ರಾಣದಲ್ಲಿರುತ್ತದೆ. ಎರಡೂ ಬರಿದಾದರೆ? “ಪಕ್ಕದಲ್ಲಿ ರಿಪೇರಿಗೆ ನಿಂತ ತಂಗಿ ಹಡಗಿನಿಂದ ಬಿಚ್ಚಿ ತರುವುದು. ಅದರ ಸರದಿ ಬಂದಾಗ ಅವರು ನಮ್ಮದನ್ನು ಬಿಚ್ಚುತ್ತಾರೆ.” ಮದುವೆಗೆ ಅಕ್ಕನ ಸರವನ್ನು ತಂಗಿ ಹಾಕಿಕೊಂಡು ಹೋಗುವಂತೆ. ಹೋಲಿಕೆ ನನ್ನದು, ಕೇಳಿ ಅವನು ನಕ್ಕ.

ಈಗ ಆ ವಾಲ್ವಿನ ಮೇಲಿದ್ದ ಮೂರಕ್ಷರದ ವಿಷಯಕ್ಕೆ ಬರುತ್ತೇನೆ.

ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಸ್ಥಾಪನೆಯಾದದ್ದು 1954ರಲ್ಲಿ, ಫ್ರಾನ್ಸಿನ ಸಿಎಸ್ಎಫ್ ಸಂಸ್ಥೆಯ ಸಹಯೋಗದೊಂದಿಗೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಕಡಲಿಲ್ಲದ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಊರಿನಲ್ಲಿ ಹಡಗಿನ ಕಣ್ಣು–ಕಿವಿಗಳು ತಯಾರಾಗತೊಡಗಿದ್ದು ನನಗೆ ಇಂದಿಗೂ ಸೋಜಿಗವೇ. ಮೊದಮೊದಲು ಸೇನೆಗೆ ಬೇಕಾದ ಸಂಪರ್ಕ ಸಾಧನಗಳು. 1961ರಲ್ಲಿ ರೇಡಿಯೊ ವಾಲ್ವ್. 1962ರಲ್ಲಿ ಜರ್ಮೇನಿಯಂ ಅರೆವಾಹಕ. ನಮ್ಮ ಮನೆಗಳ ಮರ್ಫಿ, ಫಿಲಿಪ್ಸ್ ರೇಡಿಯೊಗಳು ಕೆಟ್ಟಾಗ ಅಂಗಡಿಯವನು ಚುಚ್ಚುತ್ತಿದ್ದ ಹೊಸ ವಾಲ್ವುಗಳ ಹಿಂದೆ ಈ ಕಾರ್ಖಾನೆಯಿತ್ತು. ಮುಂದೆ 1966ರಲ್ಲಿ ರಾಡಾರು, 1967ರಲ್ಲಿ ಸಿಲಿಕಾನ್ ಬಿಡಿಭಾಗಗಳು, ಮರುವರ್ಷ ಮುದ್ರಿತ ಮಂಡಲದ ಹಲಗೆಗಳು, 1973ರಿಂದ ನೌಕಾಪಡೆಯ ಫ್ರಿಗೇಟುಗಳಿಗೆ ರಾಡಾರು. ಆ ಫ್ರಿಗೇಟುಗಳ ರಾಡಾರಿನ ಮೂಲ ವಿನ್ಯಾಸ ಹಾಲೆಂಡಿನ ಸಿಗ್ನಾಲ್ ಕಂಪೆನಿಯದು. ಪರವಾನಗಿ ಪಡೆದು ಕಟ್ಟಿದವರು ಜಾಲಹಳ್ಳಿಯವರು.

ಪರವಾನಗಿ ಪಡೆದು ಜೋಡಿಸುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಒಂದು ಕಾಲದಲ್ಲಿ ಮುರಿದವನು. ಆದರೆ ಕೈಬರಹ ಕಲಿಯುವ ಹುಡುಗ ಮೊದಲು ಮೇಷ್ಟರು ಬರೆದ ಅಕ್ಷರದ ಮೇಲೆಯೇ ತಿದ್ದುತ್ತಾನಷ್ಟೆ. ಇದೇ ಬಿಇಎಲ್ 1980ರಲ್ಲಿ ತನ್ನ ಮೊತ್ತಮೊದಲ ಸಾಗರೋತ್ತರ ಕಚೇರಿಯನ್ನು ತೆರೆದದ್ದು ನ್ಯೂಯಾರ್ಕಿನಲ್ಲಿ. ತಯಾರಿಸಿದ್ದನ್ನು ಮಾರುವುದಕ್ಕಲ್ಲ, ಬಿಡಿಭಾಗ ಮತ್ತು ಕಚ್ಚಾವಸ್ತುಗಳನ್ನು ಕೊಳ್ಳುವುದಕ್ಕೆ! ರಾಡಾರು ನಮ್ಮದು, ರಾಡಾರಿನೊಳಗಿನ ಕಾಳು ಅವರದು: ಆ ಕಾಲದ ನಿಜಸ್ಥಿತಿ ಈ ಒಂದು ಸಂಗತಿಯಲ್ಲಿದೆ.

ಜಾಲಹಳ್ಳಿಯ ಈ ವಿದ್ಯೆ ಕರ್ನಾಟಕದ ಹೆಸರು ಹೊತ್ತ ಹಡಗಿನೊಳಗೆ ಸೇರಿದ ಬಗೆಯನ್ನು ಹೇಳಲು ಎರಡು ಮೈಸೂರುಗಳ ಕಥೆ ಬೇಕು. ಮೊದಲನೆಯ ಐಎನ್‌ಎಸ್ ಮೈಸೂರು ಒಂದು ಕ್ರೂಸರ್. ಎರಡನೆಯ ಮಹಾಯುದ್ಧದಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ಬ್ರಿಟಿಷರ ಪರವಾಗಿ ಹೋರಾಡಿದ್ದ ಆ ಹಡಗನ್ನು ಕೊಂಡು, 1957ರ ಆಗಸ್ಟಿನಲ್ಲಿ ಮೈಸೂರು ಎಂದು ನಾಮಕರಣ ಮಾಡಲಾಯಿತು. ನಮ್ಮ ರಾಜ್ಯದ ಹೆಸರೂ ಆಗ ಅದೇ. ಆರಂಗುಲದ ಒಂಬತ್ತು ಫಿರಂಗಿಗಳ ಆ ಹಡಗು 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿತ್ತು, 1985ರಲ್ಲಿ ನಿವೃತ್ತವಾಯಿತು. ಉಕ್ಕು, ಉಗಿ, ಸಿಡಿಗುಂಡುಗಳ ಕಾಲದ ಹಡಗು ಅದು. ಕೊರತೆ ಬಿದ್ದ ಭಾಗವನ್ನು ಬಡಿದು ಕಡೆದು ಮಾಡಿಕೊಳ್ಳಬಲ್ಲ ಕಮ್ಮಾರರೂ ಫಿಟ್ಟರುಗಳೂ ಮುಂಬಯಿಯ ಗೋದಿಯಲ್ಲಿದ್ದರು.

ಎರಡನೆಯ ಮೈಸೂರಿಗೆ ಬರುವ ಮುನ್ನ ನಡುವೆ ಬಂದ ಐದು ರಜಪೂತರನ್ನು ಮರೆಯುವಂತಿಲ್ಲ. 1980ರಿಂದ 1987ರವರೆಗೆ ಸೋವಿಯೆತ್ ಒಕ್ಕೂಟದಿಂದ ಬಂದ ರಜಪೂತ್, ರಾಣಾ, ರಣಜಿತ್, ರಣವೀರ್, ರಣವಿಜಯ್ ನಮ್ಮ ಮೊದಲ ಕ್ಷಿಪಣಿ ಡೆಸ್ಟ್ರಾಯರುಗಳು. ರಜಪೂತ್ ಹಡಗಿನ ಜಾತಕವನ್ನು ನೋಡಿ. ಕಟ್ಟಿದ್ದು ಮೈಕೊಲೈವ್ ನಗರದಲ್ಲಿ, ಸೇವೆಗೆ ಸೇರಿದ್ದು 1980ರ ಮೇ 4ರಂದು ಪೋತಿ ಬಂದರಿನಲ್ಲಿ, ತಾಂತ್ರಿಕ ಮಾತುಕತೆಯೆಲ್ಲ ಮಾಸ್ಕೋದೊಂದಿಗೆ. ಆಗ ಅವೆಲ್ಲ ಒಂದೇ ದೇಶ. 1991ರ ಡಿಸೆಂಬರಿನಲ್ಲಿ ಆ ದೇಶ ಒಡೆದಾಗ ಮೈಕೊಲೈವ್ ಉಕ್ರೇನಿಗೆ, ಪೋತಿ ಜಾರ್ಜಿಯಾಕ್ಕೆ, ಮಾಸ್ಕೋ ರಷ್ಯಕ್ಕೆ ಸೇರಿದವು. ಒಂದು ಹಡಗಿನ ತವರುಮನೆ ಮೂರು ಪಾಲಾಯಿತು. ರೂಪಾಯಿ–ರೂಬಲ್ ಲೆಕ್ಕದಲ್ಲಿ ಬರುತ್ತಿದ್ದ ಬಿಡಿಭಾಗಗಳಿಗೆ ಡಾಲರು ಕೇಳಿದರು. ಕೆಲವು ಕಾರ್ಖಾನೆಗಳು ಮುಚ್ಚಿದವು, ಕೆಲವು ಬೇರೆ ಸಾಮಾನು ಮಾಡತೊಡಗಿದವು. 1991 ನಮ್ಮ ದೇಶವೇ ಚಿನ್ನ ಅಡವಿಟ್ಟ ವರ್ಷ ಎಂಬುದನ್ನೂ ಜೊತೆಗೇ ನೆನಪಿಡಬೇಕು.

ನನ್ನ ವಿದ್ಯಾರ್ಥಿ ಆ ವರ್ಷಗಳಲ್ಲಿ ವಿಶಾಖಪಟ್ಟಣದ ಕಡೆ ಒಂದು ಹಡಗಿನಲ್ಲಿದ್ದ. ಹಡಗಿನ ಹೆಸರು ಬೇಡ ಎಂದಿದ್ದಾನೆ. “ರಷ್ಯನ್ ಭಾಷೆಯ ನಕ್ಷೆ, ಭೂತಗನ್ನಡಿ, ಒಂದು ಸೋಲ್ಡರಿಂಗ್ ಕಡ್ಡಿ. ಸತ್ತ ಕಾರ್ಡು ತೆಗೆದುಕೊಂಡು ರಾತ್ರಿ ಕುಳಿತರೆ ಬೆಳಿಗ್ಗೆಗೆ ಯಾವ ಟ್ರಾನ್ಸಿಸ್ಟರ್ ಹೋಗಿದೆಯೆಂದು ಗೊತ್ತಾಗುತ್ತಿತ್ತು. ಆದರೆ ಅದಕ್ಕೆ ಸರಿಜೋಡಿ ಎಲ್ಲಿಂದ ತರುವುದು?” ಒಮ್ಮೆ ಹಾಗೆ ಸರಿಮಾಡಿದ ಕಾರ್ಡು ಹನ್ನೊಂದು ತಿಂಗಳು ನಡೆಯಿತಂತೆ. ಅವನ ಮೇಲಧಿಕಾರಿಗಳು ಬೆನ್ನು ತಟ್ಟಿದರು ಎಂದು ಹೇಳುವಾಗ ಅವನ ದನಿ ಸ್ವಲ್ಪ ತಡೆಯಿತು. ನನಗೆ ಬೆತ್ತದ ಏಟು ನೆನಪಾಯಿತು; ನಾನು ಮಾತನಾಡಲಿಲ್ಲ.

ಆ ರಜಪೂತರು ಹಾಗೆಯೇ ಸತ್ತುಹೋಗಲಿಲ್ಲ ಎಂಬುದು ಸಂತೋಷದ ಸಂಗತಿ. ಭಾರತ–ರಷ್ಯ ಜಂಟಿಯಾಗಿ ರೂಪಿಸಿದ ಬ್ರಹ್ಮೋಸ್ ಕ್ಷಿಪಣಿಯನ್ನು 2003ರಲ್ಲಿ ಮೊದಲು ಹಾರಿಸಿದ ಯುದ್ಧನೌಕೆ ಇದೇ ರಜಪೂತ್. ಕೊನೆಗೆ 2021ರ ಮೇ 21ರಂದು, 41 ವರ್ಷ ದುಡಿದು, ಅದು ಸೇವೆಯಿಂದ ಇಳಿಯಿತು. ನಮ್ಮ ಬಂದರಿಗೆ ಕೋಲ್ಕತ, ಕೊಚ್ಚಿಗಳು ಆಮ್ಲಜನಕ ತಂದದ್ದು ಅದೇ ತಿಂಗಳು.

ಎರಡನೆಯ ಐಎನ್‌ಎಸ್ ಮೈಸೂರು ದೆಹಲಿ ವರ್ಗದ ಮೂರು ಹಡಗುಗಳಲ್ಲಿ ನಡುವಿನದು. ಮುಂಬಯಿಯ ಮಝಗಾಂವ್ ಗೋದಿಯಲ್ಲಿ 1991ರ ಫೆಬ್ರವರಿಯಲ್ಲಿ ಅದರ ಅಡಿಗಟ್ಟು ಹಾಕಿದರು. 1993ರ ಜೂನಿನಲ್ಲಿ ನೀರಿಗಿಳಿಸಿದರು. ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಕಾರ್ಗಿಲ್ ಯುದ್ಧದ ನಡುವೆ. ತೊಟ್ಟಿಲಿನಿಂದ ನೀರಿಗೆ ಎರಡು ವರ್ಷ, ನೀರಿನಿಂದ ಸೇವೆಗೆ ಆರು ವರ್ಷ. ಈ ಆರು ವರ್ಷದ ತಡಕ್ಕೆ ಒಡೆದುಹೋದ ಸೋವಿಯೆತ್ ಒಕ್ಕೂಟವೂ ಒಂದು ಮುಖ್ಯ ಕಾರಣ: ಉಕ್ಕಿನ ಮೈ ಸಿದ್ಧವಾಗಿತ್ತು, ಒಳಗೆ ಕೂರಬೇಕಾದ ಯಂತ್ರ ಮತ್ತು ಅಸ್ತ್ರಗಳು ಬರಬೇಕಿತ್ತು. 163 ಮೀಟರ್ ಉದ್ದದ ಈ ಹಡಗಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡವಿದೆ. ಒಂದು ಮೈಗೆ ಎರಡು ತಲೆಯ ಆ ಹಕ್ಕಿ ಈ ಹಡಗಿಗೆ ಎಷ್ಟು ಒಪ್ಪುತ್ತದೆಂದು ಆರಿಸಿದವರು ಯೋಚಿಸಿದ್ದರೋ ಇಲ್ಲವೋ! ಕ್ಷಿಪಣಿಗಳು ರಷ್ಯದವು. ನೂಕುವ ಟರ್ಬೈನುಗಳು ಉಕ್ರೇನಿನವು. ಬ್ರಿಟನ್ನಿನ ಸೀಕಿಂಗ್ ಹೆಲಿಕಾಪ್ಟರುಗಳು. ದೂರದ ಆಕಾಶವನ್ನು ನೋಡುವ ರಾಡಾರು ಡಚ್ ಮೂಲದ್ದು, ಬಿಇಎಲ್ ಕಟ್ಟಿದ್ದು. ನೀರಿನಡಿಯ ಸದ್ದು ಆಲಿಸುವ ‘ಹಂಸ’ ಸೋನಾರು ಮಾತ್ರ ಪೂರ್ತಿ ನಮ್ಮವರದೇ ವಿನ್ಯಾಸ: ಕೊಚ್ಚಿಯ ಪ್ರಯೋಗಾಲಯ ರೂಪಿಸಿತು, ಬಿಇಎಲ್ ತಯಾರಿಸಿತು. ಹೀಗೆ ಬೇರೆ ಬೇರೆ ಭಾಷೆಯ ಯಂತ್ರಗಳನ್ನು ಒಂದೇ ಹಡಗಿನಲ್ಲಿ ಕೂರಿಸಿ ಸಂಸಾರ ಮಾಡಿಸುವ ವಿದ್ಯೆಯನ್ನು ನಮ್ಮ ನೌಕಾ ವಿನ್ಯಾಸಕರು 1983ರ ಗೋದಾವರಿ ಫ್ರಿಗೇಟಿನಲ್ಲೇ ಕಲಿತಿದ್ದರು. ಒಂದರ ವೋಲ್ಟೇಜು ಇನ್ನೊಂದಕ್ಕೆ ಹೊಂದದು, ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯದು. ನಡುವೆ ದುಭಾಷಿಗಳಂತೆ ಕೆಲಸ ಮಾಡುವ ಪೆಟ್ಟಿಗೆಗಳು ಬೇಕು. ಆ ದುಭಾಷಿಗಳನ್ನು ಹೊರಗಿನಿಂದ ಕೊಳ್ಳಲಾಗದು. ಅವನ್ನು ನಾವೇ ಮಾಡಿಕೊಳ್ಳಬೇಕು. ಹೊರಗಿನವರು ಯಾರೂ ಮಾಡದ ಕೆಲಸವನ್ನು ಮಾಡಬೇಕಾಗಿ ಬಂದದ್ದರಿಂದಲೇ ನಮ್ಮವರ ಕೈ ಪಳಗಿತು ಎಂದು ನನ್ನ ಎಣಿಕೆ.

ಮೈಸೂರು ಸೇವೆಗೆ ಸೇರುವ ಹಿಂದಿನ ವರ್ಷ, 1998ರ ಮೇ 11 ಮತ್ತು 13ರಂದು, ಪೋಖರಣ್ ಸ್ಫೋಟಗಳು ನಡೆದವು. ಅಮೆರಿಕ ದಿಗ್ಬಂಧನ ಹೇರಿತು. ಆ ನವೆಂಬರಿನಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ಹೊರಡಿಸಿದ, ಪರವಾನಗಿಯಿಲ್ಲದೆ ಸಾಮಾನು ಮಾರಬಾರದ ಸಂಸ್ಥೆಗಳ ಪಟ್ಟಿಯಲ್ಲಿ ಬಿಇಎಲ್ ಹೆಸರೂ ಇತ್ತು. ಹೆಚ್ಚು ಪೆಟ್ಟು ತಿಂದವು ಸೀಕಿಂಗ್ ಹೆಲಿಕಾಪ್ಟರುಗಳು. ಅವನ್ನು ಕಟ್ಟಿದ್ದು ಬ್ರಿಟನ್ನಾದರೂ ಒಳಗಿನ ಹಲವು ಭಾಗ ಅಮೆರಿಕದವು. ದುರಸ್ತಿಗೆ ಹೋದವು ಅಲ್ಲೇ ನಿಂತವು, ಇಲ್ಲಿದ್ದವುಗಳ ಪೈಕಿ ಅನೇಕವು ಭಾಗ ಸಿಗದೆ ನೆಲಹಿಡಿದವು. 2001ರ ಸೆಪ್ಟೆಂಬರಿನಲ್ಲಿ ದಿಗ್ಬಂಧನ ಸಡಿಲಿತು. ಆ ಮೂರು ವರ್ಷ ಕಲಿಸಿದ್ದನ್ನು ಮೂವತ್ತು ವರ್ಷದ ಭಾಷಣಗಳು ಕಲಿಸಿರಲಿಲ್ಲ.

ಮೈಸೂರು ಮುಂದೆ ಏನು ಮಾಡಿತು ಎಂದು ಕೇಳುವವರಿಗೆ ಒಂದು ಮಾತು: 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದದ್ದು ಇದೇ ಹಡಗು. ಕ್ಷಿಪಣಿ ಹಾರಿಸಬೇಕಾಗಿ ಬರಲಿಲ್ಲ.

ಇನ್ನೊಂದು ತೊಡಕು ಶತ್ರುವಿನಿಂದಲೂ ಅಲ್ಲ, ದಿಗ್ಬಂಧನದಿಂದಲೂ ಅಲ್ಲ, ಬರಿಯ ಕಾಲದಿಂದ ಬರುವುದು. ಹಡಗಿನ ಆಯುಷ್ಯ ಮೂವತ್ತು, ನಲವತ್ತು ವರ್ಷ. ಅದರೊಳಗಿನ ಚಿಪ್ಪು ಮಾರುಕಟ್ಟೆಯಲ್ಲಿ ಇರುವುದು ಕೆಲವೇ ವರ್ಷ. ಮೊಬೈಲು ಮಾಡುವವರಿಗೆ ಕೋಟಿಗಟ್ಟಲೆ ಚಿಪ್ಪು ಮಾರುವ ಕಾರ್ಖಾನೆ, ವರ್ಷಕ್ಕೆ ಇನ್ನೂರು ಕೇಳುವ ನೌಕಾಪಡೆಗಾಗಿ ಹಳೆಯ ಅಚ್ಚನ್ನು ಏಕೆ ಇಟ್ಟುಕೊಂಡೀತು? ಅಂಗಡಿಯ ಚಿಪ್ಪು ಸಾಮಾನ್ಯವಾಗಿ 0ಯಿಂದ 70 ಡಿಗ್ರಿ ಸೆಲ್ಸಿಯಸ್ ತಡೆದರೆ ಸಾಕು. ಸೈನ್ಯದ ಚಿಪ್ಪು ಶೂನ್ಯದ ಕೆಳಗೆ 55ರಿಂದ ಮೇಲೆ 125 ಡಿಗ್ರಿಯವರೆಗೆ ತಡೆಯಬೇಕು. ಹೀಗೆ ಬೇಕಾದದ್ದು ಎಲ್ಲೂ ಸಿಗದಾದಾಗ ದಲ್ಲಾಳಿಗಳು ಬರುತ್ತಾರೆ, ದಲ್ಲಾಳಿಗಳ ಹಿಂದೆ ನಕಲಿ ಮಾಲು ಬರುತ್ತದೆ. ಅಮೆರಿಕದಂಥ ಅಮೆರಿಕವೇ ಇದಕ್ಕೆ ಸಿಕ್ಕಿಬಿತ್ತು. ಅಲ್ಲಿನ ಸೆನೆಟ್ಟಿನ ಸಶಸ್ತ್ರ ಸೇವೆಗಳ ಸಮಿತಿ 2012ರ ಮೇ ತಿಂಗಳಲ್ಲಿ ಹೊರಡಿಸಿದ ವರದಿಯಲ್ಲಿ ಸೈನ್ಯದ ಸರಬರಾಜಿನೊಳಗೆ ನುಸುಳಿದ ಶಂಕಿತ ನಕಲಿ ಬಿಡಿಭಾಗಗಳ ಸುಮಾರು 1,800 ಪ್ರಕರಣಗಳಿವೆ. ಬಿಡಿಭಾಗಗಳ ಒಟ್ಟು ಸಂಖ್ಯೆ ಹತ್ತು ಲಕ್ಷಕ್ಕೂ ಮಿಕ್ಕಿದ್ದು. ಹೆಚ್ಚಿನವುಗಳ ಮೂಲ ಚೀನಾ. ಗುಜರಿಗೆ ಹೋದ ಗಣಕಯಂತ್ರಗಳಿಂದ ಚಿಪ್ಪು ಕಿತ್ತು, ತೊಳೆದು, ಮೇಲಿನ ಬರಹವನ್ನು ಉಜ್ಜಿ ಅಳಿಸಿ, ಹೊಸ ಸಂಖ್ಯೆ ಬರೆದು ಮಾರುತ್ತಿದ್ದರು. ನಮ್ಮ ಗುಜರಿ ಅಂಗಡಿಯವರು ಹಳೆಯ ಬಾಲ್ದಿಗೆ ಬಣ್ಣ ಬಳಿದರೆ ನೀರು ಸೋರೀತು, ಅಷ್ಟೆ. ಅಲ್ಲಿ ಸೋರುವುದು ಬೇರೆ.

ಹಾಗಾದರೆ ಅಣ್ಣನವರ ಕಾಲಕ್ಕೆ ಬಂದ ಕೋಲ್ಕತ? 2014ರ ಆಗಸ್ಟಿನಲ್ಲಿ ಸೇವೆಗೆ ಸೇರಿದ ಆ ಹಡಗಿನ ಮುಖ್ಯ ರಾಡಾರು ಇಸ್ರೇಲಿನದು. ಬರಾಕ್–8 ಕ್ಷಿಪಣಿ ಇಸ್ರೇಲ್ ಮತ್ತು ನಮ್ಮ ಡಿಆರ್‌ಡಿಒ ಕೂಡಿ ರೂಪಿಸಿದ್ದು. ಅದರ ಮುಂದಿನ ಪೀಳಿಗೆಯ ವಿಶಾಖಪಟ್ಟಣ 2021ರಲ್ಲಿ, ಮೊರ್ಮುಗಾಂವ್ 2022ರಲ್ಲಿ, ಇಂಫಾಲ್ 2023ರಲ್ಲಿ, ಕೊನೆಯ ಸೂರತ್ 2025ರ ಜನವರಿ 15ರಂದು ಸೇರಿದವು. ಅವುಗಳಲ್ಲಿ ಶೇಕಡಾ 75 ಭಾಗ ಸ್ವದೇಶಿ ಎಂಬುದು ಅಧಿಕೃತ ಹೇಳಿಕೆ. ನನಗೆ ಹೆಮ್ಮೆಯೇ. ಆದರೆ ನಾನು ಉತ್ತರಪತ್ರಿಕೆ ತಿದ್ದಿದವನಲ್ಲವೇ, ಉಳಿದ 25 ಅಂಕ ಎಲ್ಲಿ ಹೋಯಿತೆಂದು ನೋಡುವ ಚಟ. ಹಡಗಿನ ಬೆಲೆಯಲ್ಲಿ ಚಿಪ್ಪಿನ ಪಾಲು ಸಣ್ಣದು. ನೂರರಲ್ಲಿ ಒಂದಾದರೂ ಆಗುವುದೋ ಇಲ್ಲವೋ ಎಂಬಂಥ ಆ ಸಣ್ಣ ಪಾಲೇ ಒಂದೂವರೆ ನಿಮಿಷದಲ್ಲಿ ಲೆಕ್ಕಕ್ಕೆ ಬರುವುದು. 2020ರ ಬಳಿಕ ರಕ್ಷಣಾ ಇಲಾಖೆ ಹೊರದೇಶದಿಂದ ತರಿಸಬಾರದ ಉಪಕರಣಗಳ ಪಟ್ಟಿಗಳನ್ನು ಪ್ರಕಟಿಸುತ್ತಿದೆ. 2021ರ ಕೊನೆಯಿಂದ ಸಣ್ಣಸಣ್ಣ ಬಿಡಿಭಾಗಗಳಿಗೂ ಪ್ರತ್ಯೇಕ ಪಟ್ಟಿ ಬಂದಿದೆ. 2022ರಲ್ಲಿ ಉಕ್ರೇನಿನ ಯುದ್ಧ ಆರಂಭವಾಗಿ, ನಮ್ಮ ಹಡಗುಗಳಿಗೆ ಟರ್ಬೈನು ಕಳಿಸುತ್ತಿದ್ದ ಮೈಕೊಲೈವ್ ನಗರದ ಮೇಲೇ ಬಾಂಬು ಬಿದ್ದಾಗ, ಈ ಪಟ್ಟಿಗಳು ಕಾಗದದ ಕೆಲಸವಲ್ಲ ಎಂಬುದು ಎಲ್ಲರಿಗೂ ತಿಳಿಯಿತು.

ನನ್ನ ವಿದ್ಯಾರ್ಥಿ ಈಗ ನಿವೃತ್ತನಾಗಿ ಕೂಳೂರಿನ ಬಳಿ ಮನೆ ಕಟ್ಟಿಸಿಕೊಂಡಿದ್ದಾನೆ. ಲಾಕ್‌ಡೌನ್ ಮುಗಿದ ಮೇಲೆ ಒಂದು ಭಾನುವಾರ ಅಣ್ಣನವರನ್ನು ನೋಡಲು ಬಂದ. ನಾನು ಆ ಆಗಸ್ಟ್ 14ರ ಮಾತು ತೆಗೆದು, ತಪ್ಪು ನನ್ನದಾಯಿತು ಎಂದೆ. “ಬಿಡಿ ಸರ್, ಆಗ ಎಲ್ಲ ಮೇಷ್ಟರೂ ಹೊಡೆಯುತ್ತಿದ್ದರು,” ಎಂದು ಅವನು ಮಾತು ತಿರುಗಿಸಿ, ಮೂಲೆಯಲ್ಲಿದ್ದ ನಮ್ಮ ತಂದೆಯವರ ಕಾಲದ ರೇಡಿಯೊವನ್ನು ನೋಡಿದ. ಹತ್ತು ನಿಮಿಷದಲ್ಲಿ ಅದು ಊಟದ ಮೇಜಿನ ಮೇಲೆ ತುಂಡುತುಂಡಾಗಿ ಹರಡಿತ್ತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಎದ್ದು ಒಳಗೆ ಹೋಗಿ ಕಾಫಿ ತಂದೆ.

ಉಳಿದುದೆಲ್ಲ ಸರಿಯಾಗಿದೆ, ಒಂದು ವಾಲ್ವ್ ಹೋಗಿದೆ ಎಂದಿದ್ದಾನೆ. ಅದೇ ಇಎಲ್–84. ಹಂಪನಕಟ್ಟೆಯ ಹಳೆಯ ರೇಡಿಯೊ ಅಂಗಡಿಗಳಲ್ಲಿ ಎರಡು ಮುಚ್ಚಿವೆ, ಒಂದರಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಅಂತರ್ಜಾಲದಲ್ಲಿ ಚೀನಾದ್ದು ಸಿಗುತ್ತದಂತೆ, ರಷ್ಯದ್ದೂ ಸಿಗುತ್ತದಂತೆ, ಅವನು ಬೇಡವೆನ್ನುತ್ತಿದ್ದಾನೆ. ರೇಡಿಯೊ ಇನ್ನೂ ಮೇಜಿನ ಮೇಲೆ ಬಿಚ್ಚಿದಂತೆಯೇ ಇದೆ, ನಾವು ಚಾವಡಿಯಲ್ಲಿ ಕುಳಿತು ಉಣ್ಣುತ್ತಿದ್ದೇವೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಬಿಇಎಲ್ ಎಂದು ಬರೆದ ಆ ವಾಲ್ವ್ ಇದ್ದರೆ ದಯವಿಟ್ಟು ತಿಳಿಸಿ.